ಐರ್ಲೆಂಡಿನ ಇಂಗ್ಲಿಷು, ಕಾಸರಗೋಡಿನ ಕಿವಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆ ಕಡೆ ಈಗ ನರ್ಸಿಂಗ್ ಓದಿದ ಮಕ್ಕಳಿರುವ ಮನೆಗಳು ಎಷ್ಟೋ ಉಂಟು. ಮಂಗಳೂರಿನಲ್ಲಿ ಕೋರ್ಸ್ ಮುಗಿಸುತ್ತಾರೆ, ಒಂದೆರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಆಮೇಲೆ ವಿದೇಶಕ್ಕೆ ಹೋಗಲು ಬೇಕಾದ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಿ. ನಾನೂ ಇದೇ ದಾರಿ ಹಿಡಿದು ಐರ್ಲೆಂಡಿಗೆ ಹೋದವಳು. ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಹೊರಡಲು ಕಾದಿರುವ ತಂಗಿ ತಮ್ಮಂದಿರಿಗೆ, ಅವರನ್ನು ಕಳಿಸಿಕೊಡುವ ಅಪ್ಪ ಅಮ್ಮಂದಿರಿಗೆ ಒಂದು ವಿಷಯ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವರಿಗೂ ಅಲ್ಲಿಗೆ ಹೋದ ಹೊಸತರಲ್ಲಿ ಜನರ ಮಾತು ತಲೆಗೆ ಹತ್ತುವುದಿಲ್ಲ. ಪರೀಕ್ಷೆಯ ಇಂಗ್ಲಿಷ್ ಸುಳ್ಳೇನಲ್ಲ. ಅದು ಬೇಕೇ ಬೇಕು. ಆದರೆ ಅಲ್ಲಿ ಕೇಳಿಸುವ ದನಿ ಸ್ಪಷ್ಟ, ವಾಕ್ಯ ಪೂರ್ತಿ. ವಾರ್ಡಿನಲ್ಲಿ ಹಾಗಿಲ್ಲ. ‘ಡ್ರೆಸಿಂಗ್ ಸಾಮಾನು ಪ್ರೆಸ್‌ನಲ್ಲಿದೆ, ತಾ’ ಅಂತ ಹಿರಿಯ ನರ್ಸ್ ಓಡುತ್ತಾ ಹೇಳಿ ಹೋಗುತ್ತಾರೆ. ಪ್ರೆಸ್ ಅಂದರೆ ನಮಗೆ ಪತ್ರಿಕೆ, ಇಲ್ಲವೇ ಮುದ್ರಣಾಲಯ. ಅಲ್ಲಿ ಅದು ಕಪಾಟು. ಮನೆಯಲ್ಲಿ ‘ಹಾಟ್ ಪ್ರೆಸ್’ ಅಂತ ಇನ್ನೊಂದುಂಟು. ಬಿಸಿನೀರಿನ ಟ್ಯಾಂಕ್ ಇರುವ ಕಪಾಟು ಅದು. ಸ್ವಲ್ಪ ತೇವ ಉಳಿದ ಬಟ್ಟೆ ಅಲ್ಲಿಟ್ಟರೆ ಬೆಚ್ಚಗೆ ಒಣಗುತ್ತದೆ.

ಇಂಥವನ್ನು ಒಂದು ಸಲ ಕೇಳಿದರೆ ಸಾಕು, ಮರೆಯುವುದಿಲ್ಲ. ನಿಜವಾಗಿ ಜಾಗ್ರತೆ ಬೇಕಾದ್ದು ನಮಗೆ ಗೊತ್ತು ಅಂದುಕೊಂಡಿರುವ ಪದಗಳಲ್ಲಿ.

ನಮ್ಮಲ್ಲಿ ಮದುವೆ ಗ್ರ್ಯಾಂಡ್ ಆಗಿತ್ತು ಅನ್ನುತ್ತೇವಲ್ಲ, ಆ ಗ್ರ್ಯಾಂಡ್ ಐರ್ಲೆಂಡಿನಲ್ಲಿ ಮಾತುಮಾತಿಗೂ ಕೇಳಿಸುತ್ತದೆ. ಅಲ್ಲಿ ಅದಕ್ಕೆ ‘ಪರವಾಗಿಲ್ಲ’ ಅಂತಷ್ಟೇ ಅರ್ಥ. ಆಪರೇಷನ್ ಆದ ಮರುದಿನ ಒಬ್ಬ ಅಜ್ಜನ ಹತ್ತಿರ ನೋವುಂಟಾ ಅಂತ ಕೇಳಿದೆ. ‘ಐ ಆಮ್ ಗ್ರ್ಯಾಂಡ್’ ಅಂದರು. ಹಣೆಯಲ್ಲಿ ಬೆವರು. ಮಂಚದ ಕಂಬಿ ಹಿಡಿದ ಬೆರಳು ಬಿಳಿಚಿಕೊಂಡಿದೆ. ಸೊನ್ನೆಯಿಂದ ಹತ್ತರ ಒಳಗೆ ಎಷ್ಟು ಹೇಳಿ ಅಜ್ಜಾ ಅಂತ ಮತ್ತೆ ಕೇಳಿದಾಗ ‘ಎಂಟು ಇರಬಹುದು’ ಅಂದರು. ನಮ್ಮ ಹಳ್ಳಿಯ ಹಿರಿಯರೂ ಜ್ವರದಲ್ಲಿ ಸುಡುತ್ತಿದ್ದರೂ ‘ಎಂತದೂ ಇಲ್ಲ’ ಅನ್ನುತ್ತಾರೆ, ಅಲ್ವಾ? ಹಾಗೇ ಇದು. ಆ ಮಾತನ್ನೇ ನಂಬಿ ಚಾರ್ಟಿನಲ್ಲಿ ನೋವಿಲ್ಲ ಅಂತ ಬರೆದರೆ ಅಜ್ಜನಿಗೆ ಔಷಧಿ ತಡವಾಗುತ್ತದೆ. ಅದೇ ಮನುಷ್ಯ ‘ಐ ಆಮ್ ಇನ್ ಬಿಟ್ಸ್’ ಅಂದರೆ ತೀರಾ ಕಷ್ಟದಲ್ಲಿದ್ದಾನೆ ಅಂತ ಲೆಕ್ಕ. ಆಗ ಕೈಯಲ್ಲಿರುವ ಕೆಲಸ ಬಿಟ್ಟು ಹೋಗಬೇಕು.

ಶಾಲೆಯಲ್ಲೂ ಹೀಗೇ. ನಿಮ್ಮ ಮಗಳು ತುಂಬ ಬೋಲ್ಡ್ ಅಂತ ಇಲ್ಲಿ ಟೀಚರ್ ಹೇಳಿದರೆ ನಮಗೆ ಖುಷಿ. ಐರ್ಲೆಂಡಿನಲ್ಲಿ ಮಗು ಬೋಲ್ಡ್ ಅಂದರೆ ಹೇಳಿದ ಮಾತು ಕೇಳುವುದಿಲ್ಲ, ತುಂಟತನ ಜಾಸ್ತಿ ಅಂತ. ಡ್ಯೂಟಿಯ ಹೊತ್ತನ್ನು ‘ಹಾಫ್ ಫೈವ್’ ಅಂದರೆ ಅದು ಐದೂವರೆ, ನಾಲ್ಕೂವರೆ ಅಲ್ಲ. ‘ಶೀ ವಾಸ್ ಗಿವಿಂಗ್ ಔಟ್ ಟು ಮಿ’ ಅಂದರೆ ಅವಳು ಏನೂ ಕೊಡಲಿಲ್ಲ, ಬೈದಳು.

ನಮ್ಮ ಇಂಗ್ಲಿಷೂ ಅವರಿಗೆ ಅಷ್ಟೇ ಹೊಸತು. ‘ಐ ಹ್ಯಾವ್ ಎ ಡೌಟ್’ ಅಂತ ನಾವು ಕೈ ಎತ್ತಿದರೆ ತಮ್ಮ ಮಾತಿನ ಮೇಲೆ ನಂಬಿಕೆ ಇಲ್ಲವೋ ಏನೋ ಅಂತ ಅವರಿಗೆ ಅನಿಸುತ್ತದೆ. ‘ಪಾಸ್ಡ್ ಔಟ್’ ಅಂದರೆ ಅವರಿಗೆ ಪದವಿ ಮುಗಿಸಿದ್ದಲ್ಲ, ಪ್ರಜ್ಞೆ ತಪ್ಪಿ ಬಿದ್ದದ್ದು. ಊರಲ್ಲಿಲ್ಲ ಅನ್ನಲು ‘ಔಟ್ ಆಫ್ ಸ್ಟೇಷನ್’, ಮೊದಲೇ ನಡೆಸುವುದಕ್ಕೆ ‘ಪ್ರಿಪೋನ್’ ಇವೆಲ್ಲ ನಮ್ಮ ದೇಶದೊಳಗೆ ನಡೆಯುವ ಮಾತು. ತಪ್ಪು ಅಂತ ನಾನು ಹೇಳುವುದಿಲ್ಲ. ಅಲ್ಲಿ ಬೇರೆ ರೀತಿ ಹೇಳಬೇಕು, ಅಷ್ಟೆ.

ಇನ್ನು ನನಗೆ ತುಂಬ ಇಷ್ಟವಾದ ವಿಷಯ. ಐರ್ಲೆಂಡಿಗೆ ಅದರದ್ದೇ ಭಾಷೆ ಉಂಟು, ಐರಿಷ್. ಅಲ್ಲಿನ ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ರಸ್ತೆ ಫಲಕಗಳಲ್ಲಿ ಎರಡೂ ಇರುತ್ತವೆ. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಐರಿಷ್ ಆಡುತ್ತಿದ್ದ ಬಡ ಹಳ್ಳಿಗಳಿಗೇ ಪೆಟ್ಟು ಜಾಸ್ತಿ. ಇವತ್ತು ಬಹುತೇಕ ಜನರ ಮನೆಮಾತು ಇಂಗ್ಲಿಷ್. ಆದರೂ ಹಳೆಯ ಭಾಷೆ ಹೋಗಲಿಲ್ಲ, ಇಂಗ್ಲಿಷಿನ ಒಳಗೇ ಕೂತಿದೆ. ‘ಐ ಆಮ್ ಆಫ್ಟರ್ ಹ್ಯಾವಿಂಗ್ ಮೈ ಟೀ’ ಅನ್ನುತ್ತಾರೆ. ಈಗಷ್ಟೇ ಚಾ ಆಯಿತು ಅಂತ ಅರ್ಥ. ಅದು ಐರಿಷ್ ವಾಕ್ಯದ ರೀತಿ. ಐರಿಷ್‌ನಲ್ಲಿ ಹೌದು, ಅಲ್ಲ ಅನ್ನುವುದಕ್ಕೆ ಪ್ರತ್ಯೇಕ ಪದ ಇಲ್ಲ. ಊಟ ಮಾಡಿದೆಯಾ ಅಂದರೆ ‘ಮಾಡಿದೆ’ ಅಂತಲೇ ಉತ್ತರ. ಹಾಗಾಗಿ ಇಂಗ್ಲಿಷಿನಲ್ಲೂ ‘ಐ ಡಿಡ್’, ‘ಐ ಆಮ್’ ಅನ್ನುವುದು ಅವರಿಗೆ ರೂಢಿ. ನಾವೂ ಬಂದ್ರಾ ಅಂದರೆ ‘ಬಂದ್ರು’ ಅನ್ನುತ್ತೇವೆ. ಒಬ್ಬರಾದರೆ ‘ಯೂ’, ನಾಲ್ಕು ಜನ ಇದ್ದರೆ ‘ಯೀ’ ಅಂತ ಹಳ್ಳಿ ಕಡೆಯವರು ನಮ್ಮ ನೀನು, ನೀವು ಹಾಗೆ ಬೇರೆ ಮಾಡಿ ಹೇಳುವುದು ಕೇಳಿದಾಗ ನನಗೆ ಎಷ್ಟು ಹಿತವಾಯಿತೆಂದರೆ, ಅಲ್ಲಿಯವರೆಗೆ ಇದ್ದ ಅಳುಕು ಅರ್ಧ ಹೋಯಿತು.

ಯಾಕೆಂದರೆ ಇದು ನಮಗೆ ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕಚೇರಿಗೆ ಹೋದರೆ ಮಲಯಾಳ. ಶಾಲೆಯಲ್ಲಿ ಕನ್ನಡ. ಅಂಗಡಿಯಲ್ಲಿ ತುಳುವೋ ಬ್ಯಾರಿಯೋ. ಮನೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ, ಕರಾಡ ಮರಾಠಿ, ಯಾವುದಾದರೂ ಇರಬಹುದು. ಇಲ್ಲಿನ ಮಲಯಾಳ ತಿರುವನಂತಪುರದವರಿಗೇ ಸುಲಭದಲ್ಲಿ ತಿಳಿಯುವುದಿಲ್ಲ. ನಾವು ಇದನ್ನೆಲ್ಲ ವ್ಯಾಕರಣ ಓದಿ ಕಲಿತವರಲ್ಲ. ಬಸ್ಸಿನಲ್ಲಿ ಪಕ್ಕದವರ ಮಾತು ಕೇಳಿ, ಅರ್ಥವಾಗದಿದ್ದರೆ ‘ಎಂತ ಹೇಳಿದ್ದು?’ ಅಂತ ಕೇಳಿ ಕಲಿತವರು. ಇಂಗ್ಲಿಷ್ ವಿಷಯ ಬಂದಾಗ ಮಾತ್ರ ನಮಗೆ ಹಾಗೆ ಕೇಳಲು ನಾಚಿಕೆ. ನನಗೆ ಬರುವುದಿಲ್ಲ ಅಂತ ಗೊತ್ತಾಗಿಬಿಟ್ಟರೆ ಅಂತ ಭಯ. ಸುಮ್ನೆ ತಲೆ ಆಡಿಸಿಬಿಡುತ್ತೇವೆ.

ದಯವಿಟ್ಟು ಹಾಗೆ ತಲೆ ಆಡಿಸಬೇಡಿ. ಆಸ್ಪತ್ರೆಯಲ್ಲಿ ಅದು ಅಪಾಯ. ‘ಸಾರಿ, ವಾಟ್ ಡು ಯೂ ಮೀನ್ ಬೈ ದಟ್?’ ಅಂತ ಕೇಳಿ. ಯಾರೂ ಕೀಳಾಗಿ ನೋಡುವುದಿಲ್ಲ. ಹೆಚ್ಚಿನವರು ನಗುತ್ತಾ, ಆ ಪದ ತಮ್ಮ ಅಜ್ಜಿ ಹೇಗೆ ಬಳಸುತ್ತಿದ್ದರು ಅನ್ನುವುದನ್ನೂ ಸೇರಿಸಿ ವಿವರಿಸುತ್ತಾರೆ. ಡ್ಯೂಟಿ ಬದಲಾಗುವಾಗ ಕೇಳಿಸಿಕೊಂಡದ್ದನ್ನು ಬರೆದುಕೊಂಡು, ಅವರಿಗೇ ಓದಿ ಹೇಳಿ. ಫೋನಿನಲ್ಲಿ ಬಂದ ಸೂಚನೆಯಾದರೆ ಔಷಧಿಯ ಹೆಸರು, ಪ್ರಮಾಣ ಎರಡನ್ನೂ ಮತ್ತೆ ಹೇಳಿ ಖಚಿತ ಮಾಡಿಕೊಳ್ಳಿ. ಮುಖ ಕಾಣದ ಮಾತು ಎಲ್ಲಕ್ಕಿಂತ ಕಷ್ಟ.

ಹೊರಡುವ ಮೊದಲೇ ಕಿವಿ ಪಳಗಿಸಬಹುದು. ಅಲ್ಲಿನ ರಾಷ್ಟ್ರೀಯ ಪ್ರಸಾರ ಸಂಸ್ಥೆ ಆರ್‌ಟಿಇಯ ರೇಡಿಯೋ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಆಯಾ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಸ್ಥಳೀಯ ರೇಡಿಯೋಗಳೂ ಸಿಗುತ್ತವೆ. ಅವುಗಳಲ್ಲಿ ಊರಿನ ಯಾರು ತೀರಿಹೋದರು, ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಅಂತ ದಿನಾ ಓದುತ್ತಾರೆ. ನೀವು ಕೆಲಸಕ್ಕೆ ಹೋಗುವ ಊರು ಯಾವುದು ಅಂತ ತಿಳಿದ ಕೂಡಲೇ ಅದರ ರೇಡಿಯೋ ಹುಡುಕಿ. ಅಡುಗೆ ಮಾಡುವಾಗ ಹಾಕಿಕೊಳ್ಳಿ. ಜನ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಎಲ್ಲಕ್ಕಿಂತ ಒಳ್ಳೆಯದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗಳು ಫೋನಿನಲ್ಲಿ ‘ಇಲ್ಲಿಯವರ ಮಾತೇ ತಿಳಿಯುವುದಿಲ್ಲ ಅಮ್ಮಾ’ ಅಂದರೆ, ಇಷ್ಟು ಖರ್ಚು ಮಾಡಿ ಓದಿಸಿದ್ದು ಎಂತಕ್ಕೆ ಅನ್ನಬೇಡಿ. ಇವತ್ತು ಹೊಸತು ಎಂತ ಕೇಳಿದೆ ಮಗಾ ಅಂತ ವಿಚಾರಿಸಿ. ಅವಳಿಗೆ ಆ ದಿನ ಅಷ್ಟೇ ಬೇಕಾಗಿರುತ್ತದೆ.

ನಮಸ್ಕಾರ.