ಅಗ್ಗದ ವಾಚು, ದೊಡ್ಡಸ್ತಿಕೆಯ ಮಾತು

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ವಾಚಿನ ಹವ್ಯಾಸಕ್ಕೆ ಹೊಸದಾಗಿ ಬಂದವರು ಒಂದೂವರೆ ಸಾವಿರದ ಆಸುಪಾಸಿನ ಕ್ಯಾಸಿಯೋ ಕಟ್ಟಿಕೊಂಡು ಹಳೆಯ ಸಂಗ್ರಾಹಕರ ನಡುವೆ ಕೂತರೆ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. "ಸೆಲ್ ವಾಚಾ?" "ಸ್ವಿಸ್ಸಾ?" "ಒಳಗಿನ ಮಷೀನ್ ಕಂಪನಿಯದ್ದೇನಾ?" ಕೇಳುವವರ ದನಿಯಲ್ಲೇ ಉತ್ತರ ಇರುತ್ತದೆ. ಹೊಸಬರು ಅಂಗಿಯ ತೋಳು ಕೆಳಗೆಳೆದುಕೊಂಡು ಮಣಿಕಟ್ಟು ಮುಚ್ಚಿಕೊಳ್ಳುತ್ತಾರೆ. ಈ ಪ್ರಶ್ನೆಗಳೆಲ್ಲ ತಾಂತ್ರಿಕ ಪ್ರಶ್ನೆಗಳಂತೆ ಕೇಳಿಸುತ್ತವೆ. ಹಾಗಿದ್ದರೆ ತಾಂತ್ರಿಕವಾಗಿಯೇ ಪರೀಕ್ಷೆ ಮಾಡಿ ನೋಡಬೇಕು ಎನ್ನುವುದು ನನ್ನ ವಾದ.

ಸೆಲ್ ವಾಚಿನೊಳಗೆ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕಿಟ್ ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತದೆ, ಉಳಿಯುವುದು ಸೆಕೆಂಡಿಗೆ ಒಂದು ಮಿಡಿತ. ಅಗ್ಗದ ವಾಚುಗಳಲ್ಲಿ ಎಲ್ಲೆಲ್ಲೂ ಸಿಗುವ ಮಿಯೋಟಾ 2035 ಮಷೀನಿಗೆ ಕಂಪನಿಯೇ ಹೇಳುವ ತಪ್ಪಿನ ಮಿತಿ ತಿಂಗಳಿಗೆ 20 ಸೆಕೆಂಡು. 1989ರಿಂದ ಬರುತ್ತಿರುವ ಕ್ಯಾಸಿಯೋ ಎಫ್-91ಡಬ್ಲ್ಯೂಗೆ ತಿಂಗಳಿಗೆ 30 ಸೆಕೆಂಡು. ತೂಕ 21 ಗ್ರಾಂ, ಒಂದು ಸಿಆರ್2016 ಸೆಲ್ ಏಳು ವರ್ಷ ನಡೆಸುತ್ತದೆ. ಇನ್ನು ಸೆಲ್ ಇಲ್ಲದೆ ಸ್ಪ್ರಿಂಗಿನಿಂದ ನಡೆಯುವ ವಾಚುಗಳ ನಿಖರತೆಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರದ ಮಿತಿ ನೋಡಿ: ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ. ಆ ಮಿತಿಯೊಳಗೇ ಇದ್ದರೂ ಲಕ್ಷಾಂತರ ರೂಪಾಯಿಯ ವಾಚು ತಿಂಗಳಿಗೆ ಮೂರು ನಿಮಿಷ ಮುಂದೆ ಹೋಗಬಹುದು. 1969ರ ಡಿಸೆಂಬರ್ 25ರಂದು ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಆಸ್ಟ್ರಾನ್ ಬಿಟ್ಟಾಗ ಅದರ ಬೆಲೆ ನಾಲ್ಕೂವರೆ ಲಕ್ಷ ಯೆನ್, ಅಂದಿನ ಒಂದು ಸಣ್ಣ ಕಾರಿನಷ್ಟು. ಆಗ ಸೆಲ್ ವಾಚನ್ನು ಯಾರೂ ಹಳಿಯಲಿಲ್ಲ. ತಾತ್ಸಾರ ಶುರುವಾದದ್ದು ಅದು ಎಲ್ಲರ ಕೈಗೆ ಬಂದ ಮೇಲೆ.

ಸೆಲ್ ವಾಚು ಕೆಡುವುದು ಹೆಚ್ಚಾಗಿ ಸೆಲ್ಲಿನಿಂದಲೇ. ಮಿಯೋಟಾ 2035ರಂಥ ಮಷೀನಿಗಾದರೆ ಅಂಗಡಿಯಲ್ಲಿ ಎಸ್‌ಆರ್626ಎಸ್‌ಡಬ್ಲ್ಯೂ ಎಂದೇ ಹೆಸರಿಟ್ಟು ಕೇಳಿ, ಅದರ ಮೇಲೆ 377 ಎಂದೂ ಇರುತ್ತದೆ. ಅದು ಸಿಲ್ವರ್ ಆಕ್ಸೈಡ್, ಕೊನೆಯವರೆಗೂ 1.55 ವೋಲ್ಟ್ ಬಿಡದೆ ಕೊಡುತ್ತದೆ. ಅದೇ ಅಳತೆಯ ಎಲ್‌ಆರ್626 ಆಲ್ಕಲೈನ್. ಬೆಲೆ ಕಡಿಮೆ, ಆದರೆ ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ, ಸೋರುವುದೂ ಹೆಚ್ಚು. ಸೋರಿದ ಕ್ಷಾರ ಸರ್ಕಿಟ್ಟಿನ ತಾಮ್ರ ತಿಂದರೆ ಇಡೀ ಮಷೀನ್ ಬದಲಿಸಬೇಕು. ಹಲವು ವಾಚುಗಳಲ್ಲಿ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಒಟ್ಟಿಗೆ ಹಾರತೊಡಗಿದರೆ ಸೆಲ್ ಮುಗಿಯುತ್ತಿದೆ ಎಂದರ್ಥ. ನಿಂತುಹೋದ ವಾಚನ್ನು ಸೆಲ್ ತೆಗೆಯದೆ ಬೀರುವಿನಲ್ಲಿ ಇಡಬೇಡಿ. ಮನೆಯಲ್ಲೇ ಹಾಕುವವರು ಪ್ಲಾಸ್ಟಿಕ್ ಚಿಮಟ ಹಿಡಿಯಿರಿ, ಲೋಹದ ಚಿಮಟ ಎರಡು ಧ್ರುವಕ್ಕೂ ತಾಗಿದರೆ ಶಾರ್ಟ್ ಆಗಿ ಹೊಸ ಸೆಲ್ಲಿನ ಶಕ್ತಿ ಪೋಲಾಗುತ್ತದೆ.

"ಮಷೀನ್ ಸ್ವಂತದ್ದಾ" ಎನ್ನುವವರು ತಾವು ಪೂಜಿಸುವ ವಾಚುಗಳ ಇತಿಹಾಸ ಓದಬೇಕು. ರೋಲೆಕ್ಸ್ ಡೇಟೋನಾದೊಳಗೆ 1988ರಿಂದ 2000ದವರೆಗೆ ಇದ್ದದ್ದು ಜೆನಿತ್ ಕಂಪನಿಯ ಎಲ್ ಪ್ರಿಮೆರೋ ಆಧರಿಸಿದ ಮಷೀನ್. ಪಾಟೆಕ್ ಫಿಲಿಪ್ ಸ್ಟಾಪ್‌ವಾಚ್ ಸೌಲಭ್ಯವಿರುವ ತನ್ನ ಹೆಸರಾಂತ ಕ್ರೋನೋಗ್ರಾಫ್‌ಗಳಿಗೆ ಲೆಮಾನಿಯಾದ ಮೂಲ ಮಷೀನ್ ತೆಗೆದುಕೊಂಡಿತ್ತು. ಯಾರೂ ಅವನ್ನು ಕೀಳೆನ್ನುವುದಿಲ್ಲ, ಎನ್ನಲೂಬಾರದು. ಅದೇ ನ್ಯಾಯ ಸೈಕೋ ಎನ್‌ಎಚ್35 ಹಾಕಿದ ಸಣ್ಣ ಕಂಪನಿಯ ವಾಚಿಗೂ ಸಲ್ಲಬೇಕು. ಎಲ್ಲರೂ ಬಳಸುವ ಮಷೀನಿನಿಂದ ಒಂದು ದೊಡ್ಡ ಲಾಭವಿದೆ: ಬಿಡಿಭಾಗ ಸಿಗುತ್ತದೆ, ರಿಪೇರಿಯವರಿಗೆ ಅದರ ಪರಿಚಯ ಇರುತ್ತದೆ. ಬೆಂಗಳೂರಿಗೂ ಮುಂಬಯಿಗೂ ವಾಚು ಕಳಿಸಿ ತಿಂಗಳುಗಟ್ಟಲೆ ಕಾಯಬೇಕಾದ ನಮ್ಮಂಥ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಸ್ವಿಸ್ ಹೆಸರಿನ ಬಗ್ಗೆ ಹಾಸನದಲ್ಲಿ ಮಾತಾಡುವಾಗ ನಮ್ಮ ಊರಿನದೇ ಸಂಗತಿ ನೆನಪಾಗುತ್ತದೆ. ಇಲ್ಲಿನ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2013ರಲ್ಲಿ ಹಾರಿದ, ಸ್ಥಾನ ತಿಳಿಸುವ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಮೂರೂ ಸ್ವಿಟ್ಜರ್ಲೆಂಡಿನವು, ಮೂರೂ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಅದೇ ಬಗೆಯ ಉಪಗ್ರಹ ಎನ್‌ವಿಎಸ್-01ರಲ್ಲಿ ಅಹಮದಾಬಾದಿನಲ್ಲಿ ತಯಾರಾದ ನಮ್ಮದೇ ರುಬಿಡಿಯಂ ಗಡಿಯಾರವಿದೆ. ಸ್ವಿಸ್ ಕೆಲಸಗಾರರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ, ಅವರ ಕುಶಲತೆ ದೊಡ್ಡದು. ಊರಿನ ಹೆಸರು ನೋಡಿ ಗಡಿಯಾರವನ್ನು ಅಳೆಯಲಾಗದು ಎಂದಷ್ಟೇ ನನ್ನ ಮಾತು. ಡಯಲ್ ಮೇಲಿನ "ಸ್ವಿಸ್ ಮೇಡ್" ಕೂಡ 2017ರ ನಿಯಮದ ಪ್ರಕಾರ ತಯಾರಿಕೆಯ ವೆಚ್ಚದ ಕನಿಷ್ಠ ಶೇ. 60ರಷ್ಟು ಅಲ್ಲಿ ಆಗಿದೆ ಎಂಬ ಮಾತು, ಪೂರ್ತಿ ನೂರಲ್ಲ.

ಹಾಗಾದರೆ ವಾಚನ್ನು ಅಳೆಯುವುದು ಹೇಗೆ? ಕೀ ಕೊಡುವ ವಾಚೋ ಆಟೋಮ್ಯಾಟಿಕ್ಕೋ ಇದ್ದರೆ ಬೆಳಿಗ್ಗೆ ಎಂಟಕ್ಕೆ ಪೂರ್ತಿ ಕೀ ಕೊಟ್ಟು ಮೊಬೈಲ್ ಸಮಯಕ್ಕೆ ಸೆಕೆಂಡು ಸಮೇತ ಹೊಂದಿಸಿ. ಸೈಕೋ 7ಎಸ್26ರಂಥ ಮಷೀನಿಗೆ ಕೈಯಿಂದ ಕೀ ಕೊಡಲಾಗದು, ಸೆಕೆಂಡಿನ ಮುಳ್ಳೂ ನಿಲ್ಲುವುದಿಲ್ಲ. ಅದನ್ನು ಅಡ್ಡಡ್ಡ ಮೆಲ್ಲಗೆ ತೂಗಿ ಎಬ್ಬಿಸಿ, ಎಷ್ಟು ಸೆಕೆಂಡು ವ್ಯತ್ಯಾಸದಲ್ಲಿ ಹೊರಟಿತೆಂದು ಬರೆದಿಡಿ. ಮಾರನೆಯ ದಿನ ಅದೇ ಹೊತ್ತಿಗೆ ನೋಡಿ, ಹೀಗೆ ಐದು ದಿನ. ರಾತ್ರಿ ಒಂದು ದಿನ ಡಯಲ್ ಮೇಲಾಗಿ, ಒಂದು ದಿನ ಕೀ ಮೇಲಾಗಿ, ಒಂದು ದಿನ ಕೀ ಕೆಳಗಾಗಿ ಇಡಿ. ಯಾವ ಭಂಗಿಯಲ್ಲಿ ಓಡುತ್ತದೆ, ಯಾವುದರಲ್ಲಿ ಹಿಂದುಳಿಯುತ್ತದೆ ಗೊತ್ತಾದರೆ, ರಾತ್ರಿ ಇಡುವ ರೀತಿಯಿಂದಲೇ ಕೆಲವು ಸೆಕೆಂಡು ಸರಿದೂಗಿಸಬಹುದು. 7ಎಸ್26, ಎನ್‌ಎಚ್35 ಎರಡಕ್ಕೂ ಕಂಪನಿಯ ಮಿತಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಮುಂದೆ. ಅದರೊಳಗಿದ್ದರೆ ದೋಷವಿಲ್ಲ. ಬೇಕಿದ್ದರೆ ಬ್ಯಾಲೆನ್ಸ್ (ಅತ್ತಿತ್ತ ತಿರುಗುತ್ತ ಲಯ ಕೊಡುವ ಚಕ್ರ) ಬಳಿಯ ಪ್ಲಸ್-ಮೈನಸ್ ಗುರುತಿನ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ರಿಪೇರಿಯವರು ಸರಿಮಾಡಿಕೊಡುತ್ತಾರೆ. ಅದರ ಪಕ್ಕದ ಇನ್ನೊಂದು ಕಡ್ಡಿ ಬೀಟ್ (ಟಿಕ್-ಟಾಕ್ ನಡುವಿನ ಸಮತೋಲ) ಸರಿಮಾಡುವುದು, ನಡಿಗೆ ಅಳೆಯುವ ಯಂತ್ರವಿಲ್ಲದೆ ಅದನ್ನು ಮುಟ್ಟಬಾರದು.

ನಿನ್ನೆವರೆಗೂ ಸರಿಯಿದ್ದ ವಾಚು ಒಮ್ಮೆಗೇ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ. ಸ್ಪೀಕರ್, ಮೊಬೈಲ್ ಕವರಿನ ಮುಚ್ಚಳ, ಲ್ಯಾಪ್‌ಟಾಪ್ ಇವುಗಳಿಂದ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗು ಗಿಡ್ಡವಾದಂತೆ ನಡೆದುಕೊಳ್ಳುತ್ತದೆ. ಅಯಸ್ಕಾಂತ ಗುಣ ತೆಗೆಯುವ, ಕೆಲವು ನೂರು ರೂಪಾಯಿಯ ಡಿಮ್ಯಾಗ್ನೆಟೈಜರ್ ಸಾಕು: ಗುಂಡಿ ಒತ್ತಿ ಹಿಡಿದೇ ವಾಚನ್ನು ಮೇಲಿನಿಂದ ಮೆಲ್ಲಗೆ ಒಂದು ಮೊಳ ದೂರ ಎತ್ತಿ, ಆಮೇಲೆ ಗುಂಡಿ ಬಿಡಿ. ಹತ್ತಿರವಿದ್ದಾಗಲೇ ಗುಂಡಿ ಬಿಟ್ಟರೆ ಮತ್ತೆ ಅಯಸ್ಕಾಂತ ಹಿಡಿಯಬಹುದು. ಇನ್ನೊಂದು: ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಕೀ ಎಳೆದು ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತದೆ, ಮುರಿಯಬಹುದು.

ಎಚ್‌ಎಂಟಿ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಕಂಡ ಸಂಸ್ಥೆ. ಜನತಾ ವಾಚಿನ ಮಷೀನ್ 17 ಜ್ಯುವೆಲ್ (ಒಳಗಿನ ಭಾಗಗಳು ಸವೆಯದಂತೆ ಇಡುವ ಕಲ್ಲು), ಗಂಟೆಗೆ 18,000 ಮಿಡಿತ. ಕೀ ಕೊಡುವ ಸಾದಾ ವಾಚಿಗೆ ಹದಿನೇಳೇ ಸಾಕು, ಅದಕ್ಕಿಂತ ಹೆಚ್ಚಿನ ಕೆಂಪು ಕಲ್ಲು ಎಷ್ಟೋ ಸಲ ಜಾಹೀರಾತಿನ ಲೆಕ್ಕ. ಈಗ "ರಿಫರ್ಬಿಶ್ಡ್" ಎಂದು ಬಣ್ಣಬಣ್ಣದ ಡಯಲ್‌ಗಳಲ್ಲಿ ಬರುವುದರಲ್ಲಿ ಬಹಳಷ್ಟು ಮರುಮುದ್ರಣ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿ: ನಿಮಿಷದ ಗೆರೆ ಗಂಟೆಯ ಗುರುತಿಗೆ ಸರಿಕೂರದೆ ಇರುವುದು, ರಂಧ್ರದ ಅಂಚಿನಲ್ಲಿ ಬಣ್ಣ ದಪ್ಪವಾಗಿ ನಿಂತಿರುವುದು, ಅಕ್ಷರದ ಅಂಚು ಹರಡಿರುವುದು, ಪಾಲಿಶ್ ಹೊಡೆದು ಕೇಸಿನ ಮೂಲೆಗಳು ಉರುಟಾಗಿರುವುದು. ಇವು ಕಂಡರೆ ಸಂಗ್ರಹದ ಬೆಲೆ ಕೊಡಬೇಡಿ. ದಿನಬಳಕೆಗೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ. ಅದರ ಅಕ್ರಿಲಿಕ್ ಗ್ಲಾಸು ಗೀರಿದರೆ ಪಾಲಿಶ್ ಪೇಸ್ಟಿನಿಂದ ತಿಕ್ಕಿ ತೆಗೆಯಬಹುದು. ಸಫೈರ್ ಮರಳಿಗೆ ಗೀರುವುದಿಲ್ಲ ನಿಜ, ಆದರೆ ಕಲ್ಲಿಗೆ ಬಡಿದರೆ ಚಕ್ಕೆ ಏಳುತ್ತದೆ.

ಮಲೆನಾಡಿನ ಮಳೆ ಯಾವ ಬ್ರ್ಯಾಂಡನ್ನೂ ಕೇಳುವುದಿಲ್ಲ. ನೀರು ತಡೆಯುವ ಮಿತಿ 30 ಮೀಟರ್ ಎಂದಿದ್ದರೆ ಕೈ ತೊಳೆಯುವಷ್ಟಕ್ಕೆ, ಈಜಲು 100 ಬೇಕು. ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲಿ ಓಡಾಡುವವರು ಜೂನ್ ಬರುವ ಮುಂಚೆ ಹಿಂಬದಿಯ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿಸಿ, ಸಿಲಿಕೋನ್ ಗ್ರೀಸ್ ಸವರಿಸಿ. ಚರ್ಮದ ಬೆಲ್ಟು ಬೂಷ್ಟು ಹಿಡಿಯುತ್ತದೆ, ನೈಲಾನ್ ಹಾಕಿ. ಎರಡು ಪಿನ್ನಿನ ಅಡಿಯಲ್ಲೂ ಒಂದೇ ಪಟ್ಟಿ ಹಾದುಹೋಗುವ ನೈಲಾನ್ ಬೆಲ್ಟಾದರೆ ಒಂದು ಪಿನ್ ಕಿತ್ತರೂ ವಾಚು ಬೀಳುವುದಿಲ್ಲ. ಗ್ಲಾಸಿನೊಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿ ಇಟ್ಟು ಕಾಯಬೇಡಿ. ಅಂದೇ ಹಿಂಬದಿ ಬಿಚ್ಚಿಸಿ ಒಣಗಿಸಿ, ಕೀಯ ಉಕ್ಕಿನ ಕಡ್ಡಿ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ.

ದುಬಾರಿ ವಾಚಿನಲ್ಲಿ ಏನೂ ಇಲ್ಲ ಎನ್ನುತ್ತಿಲ್ಲ. ಕೈಯಿಂದ ಇಳಿಜಾರು ಕೊರೆದು ಹೊಳಪು ಕೊಟ್ಟ ಅಂಚುಗಳು, ಹಲವು ಭಂಗಿಗಳಲ್ಲಿ ಹೊಂದಿಸಿದ ನಡಿಗೆ, ಇವಕ್ಕೆ ಮನುಷ್ಯರ ಶ್ರಮ ಹಿಡಿಯುತ್ತದೆ, ಬೆಲೆಯೂ ನ್ಯಾಯವೇ. ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಅಗ್ಗದ ವಾಚಿಗೆ ನಕ್ಕರೆಂದು ಹುಡುಗರು ಮೂರು-ನಾಲ್ಕು ಸಾವಿರ ಕೊಟ್ಟು "ಫಸ್ಟ್ ಕಾಪಿ" ರೋಲೆಕ್ಸ್ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ, ನೀರು ತಡೆಯುವ ಭರವಸೆಯಿಲ್ಲ. ಕೆಟ್ಟರೆ ಅದಕ್ಕೆ ಸರಿಹೊಂದುವ ಭಾಗ ಹುಡುಕುವುದೇ ಕಷ್ಟ. ಅದೇ ದುಡ್ಡಿಗೆ ಸ್ವಂತ ಹೆಸರಿನ ಟೈಟಾನ್, ಸೊನಾಟಾ, ಕ್ಯಾಸಿಯೋ ಬರುತ್ತಿತ್ತು. ಈ ನಕಲಿ ಪೇಟೆಗೆ ಗಿರಾಕಿಗಳನ್ನು ಕಳಿಸುತ್ತಿರುವವರಲ್ಲಿ ನಮ್ಮ ಸಂಗ್ರಾಹಕರೂ ಇದ್ದಾರೆ.

ಹೊರಗಿನ ಮೇಜಿನ ಮೇಲೆ ಲೂಪು, ಡಿಮ್ಯಾಗ್ನೆಟೈಜರ್, ದಿಕ್ಸೂಚಿ ಇಟ್ಟಿದ್ದೇವೆ. ಕೈಯಲ್ಲಿರುವ ವಾಚನ್ನು ದಿಕ್ಸೂಚಿಯ ಪಕ್ಕ ಹಿಡಿದು ನೋಡಿ, ಮುಳ್ಳು ಅಲುಗಾಡಿದರೆ ಸಾಲಿನಲ್ಲಿ ನಿಲ್ಲಿ. ಸೆಲ್ ವಾಚಿನವರು ಬರಬೇಕಿಲ್ಲ, ಮುಳ್ಳಿನ ಸೆಲ್ ವಾಚಿನ ಮೋಟಾರಿನಲ್ಲೇ ಅಯಸ್ಕಾಂತ ಇರುತ್ತದೆ.