ಹೊರೆಗಿಂತ ಸಿಂಬಿ ಭಾರ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ. ಆದ್ರೆ ಗಣಿಯಿಂದ ಅದಿರು ಮೇಲೆ ತರೋಕೆ ಡಂಪರ್ ಲಾರಿಗಿಂತ ಕನ್ವೇಯರ್, ಅಂದ್ರೆ ಓಡೋ ಬೆಲ್ಟ್, ವಾಸಿ ಅಂತ ಹೋದ ವಿಡಿಯೊದಲ್ಲಿ ಹೇಳಿದ್ನಲ್ಲ, ಅದರ ಕೆಳಗೆ ಒಬ್ರು ಬರೆದಿದ್ದಾರೆ: "ಕನ್ವೇಯರ್ ಹಾಕೋ ದುಡ್ಡಲ್ಲಿ ಒಂದು ಸಾಲು ಡಂಪರ್ ಬರುತ್ತೆ. ಲೆಕ್ಕ ಕಲ್ತು ಬಾ." ಆಯ್ತು ಸ್ವಾಮಿ, ಲೆಕ್ಕಕ್ಕೇ ಬರೋಣ.

ಕ್ಯಾಟರ್‌ಪಿಲ್ಲರ್ 797ಎಫ್. ತೆರೆದ ಗಣಿಗಳಲ್ಲಿ ಓಡೋ ದೊಡ್ಡಣ್ಣ ಡಂಪರ್. ಒಂದು ಸಲಕ್ಕೆ 363 ಟನ್ ಹೊರುತ್ತೆ. ತುಂಬಿದ ಗಾಡಿಯ ಒಟ್ಟು ತೂಕ ಸುಮಾರು 623 ಟನ್. ಅಂದ್ರೆ ಗಾಡಿಯದ್ದೇ 260. ಹತ್ತುವಾಗ 260, ಖಾಲಿ ಇಳಿಯುವಾಗ ಇನ್ನೊಂದು 260. 363 ಟನ್ ಅದಿರಿಗೋಸ್ಕರ 520 ಟನ್ ಗಾಡಿ ಓಡಾಡ್ತು! ಹೊರೆಗಿಂತ ಸಿಂಬಿ ಭಾರ ಅಂದ್ರೆ ಇದೇ.

ಬೆಲ್ಟಿಗೂ ತೂಕ ಇಲ್ವಾ? ಇದೆ. ಆದ್ರೆ ಹತ್ತೋ ಬೆಲ್ಟಿನ ಭಾರವನ್ನ ಇಳಿಯೋ ಬೆಲ್ಟೇ ತೂಗಿಸುತ್ತೆ. ಮೋಟರಿಗೆ ಉಳಿಯೋದು ಅದಿರು ಎತ್ತೋ ಕೆಲಸ, ರೋಲರುಗಳ ತಿಕ್ಕಾಟ, ಅಷ್ಟೇ. ಡಂಪರ್ ಹತ್ತುವಾಗ ಡೀಸೆಲ್ ಕುಡಿದು ಗಳಿಸಿದ್ದನ್ನ ಇಳಿಯುವಾಗ ಬ್ರೇಕಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುತ್ತೆ. ಚಿಲಿಯ ಲಾಸ್ ಪೆಲಾಂಬ್ರೆಸ್ ತಾಮ್ರದ ಗಣಿಯಲ್ಲಿ ಅದಿರು ಬೆಟ್ಟದಿಂದ ಬೆಲ್ಟ್ ಮೇಲೆ ಇಳೀತಾ ಕರೆಂಟೇ ಹುಟ್ಟಿಸುತ್ತೆ ಕಣ್ರೀ! ನಿಮ್ಮ ಡಂಪರ್ ಏನು ಹುಟ್ಟಿಸುತ್ತೆ? ಧೂಳು.

ದಾರಿಯನ್ನೂ ನೋಡಿ. 100 ಮೀಟರ್ ಮೇಲೇರೋಕೆ ಹತ್ತಕ್ಕೆ ಒಂದರ ಏರಲ್ಲಿ ಡಂಪರಿಗೆ ಒಂದು ಕಿಲೋಮೀಟರ್ ರಸ್ತೆ ಬೇಕು. 15 ಡಿಗ್ರಿ ಏರೋ ಬೆಲ್ಟಿಗೆ 400 ಮೀಟರ್ ಸಾಕು. ಆ ಒಂದು ಕಿಲೋಮೀಟರ್ ಉದ್ದಕ್ಕೂ ಏನನ್ನ ಹೊರ್ತಿದ್ದೀರಿ? ಸಿಂಬಿ!

(ಸಬ್‌ಸ್ಕ್ರೈಬ್ ಮಾಡಿ. ಲೆಕ್ಕದ ಶೀಟ್ ಮೆಂಬರುಗಳಿಗೆ ಮಾತ್ರ. "ಸಿಂಬಿ" ಅಂತ ಟೀಶರ್ಟೂ ಬರ್ತಾ ಇದೆ.)

"ಬೆಲ್ಟಿನ ಬಂಡವಾಳ ಜಾಸ್ತಿ." ಹೌದು, ಅದು ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತೆ. ಡಂಪರಿನದ್ದು ಡೀಸೆಲ್ಲು, ಡ್ರೈವರ್ ಸಂಬಳ, ನಾಲ್ಕು ಮೀಟರ್ ಎತ್ತರದ ಆರಾರು ಟೈರು ಅಂತ ತೊಟ್ಟುತೊಟ್ಟಾಗಿ ಸೋರುತ್ತೆ. ತೊಟ್ಟನ್ನ ಯಾರೂ ಎಣಿಸಲ್ಲ.

"ಒಂದು ಬೆಲ್ಟ್ ನಿಂತ್ರೆ ಇಡೀ ಸಾಲು ನಿಲ್ಲುತ್ತೆ." ಸರಿ, ಒಪ್ಪಿದೆ. ಒಂದೊಂದೂ 95 ಶೇಕಡಾ ಹೊತ್ತು ಓಡೋ ಐದು ಬೆಲ್ಟ್ ಜೋಡಿಸಿದ್ರೆ ಸಾಲಿಗೆ ಸಿಗೋದು 77. ಅದಕ್ಕೆ? ನೆಗಡಿ ಬಂತು ಅಂತ ಮೂಗು ಕೊಯ್ಕೋತೀರಾ?

"ಬೆಲ್ಟಿಗೆ ಹಾಕೋಕೆ ಮೊದಲು ಕಲ್ಲು ಪುಡಿ ಮಾಡೋ ಕ್ರಷರ್ ಬೇಕಲ್ಲ." ಅದಿರನ್ನ ಹೇಗಿದ್ರೂ ಪುಡಿ ಮಾಡ್ಲೇಬೇಕಲ್ಲ ಮಾರಾಯ್ರೇ! ಪುಡಿ ಮಾಡೋ ಅಗತ್ಯವೇ ಇಲ್ಲದ ತ್ಯಾಜ್ಯದ ಕಲ್ಲಿನ ಕಥೆ ಏನು ಅಂತೀರಾ? ಅದು ಇನ್ನೊಂದು ವಿಡಿಯೊ.

"ಐದೇ ವರ್ಷಕ್ಕೆ ಗಣಿ ಮುಗಿದ್ರೆ?" ಮುಗಿಯೋ ಗಣಿ ಯಾಕ್ರೀ ಅಗೀತೀರಿ!

ಅಲ್ಲಾ, ಇಳಿಯುವಾಗ ಖಾಲಿ ಗಾಡಿ ರೀ! ಖಾಲಿ! 260 ಟನ್ ಖಾಲಿ! ನನಗೆ ಲೆಕ್ಕ ಕಲಿಸ್ತಾರಂತೆ... ನೀರು ಕೊಡಪ್ಪಾ ಸ್ವಲ್ಪ. ಇದನ್ನ ಎಡಿಟಲ್ಲಿ ತೆಗೀಬೇಡ.