ನಾಳೆ ಮ್ಯಾಚ್, ಇವತ್ತು ರಾತ್ರಿ ಏನು ಮಾಡೋದು?

(2023ರ ಅಕ್ಟೋಬರ್ 27ರ ಸಂಜೆ ಜಪಾನಿನ ಕೋಬೆಯಲ್ಲಿ ಕನ್ನಡಿಗರು ಸೇರಿದ್ದಾಗ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ವಿಷಯ ನಿಮ್ಮಿಷ್ಟ ಅಂತ ಹೇಳಿ ನನ್ನನ್ನು ಕರೆದರು. ರಾಜ್ಯೋತ್ಸವ ಹತ್ತಿರ ಬಂತು, ಏನೋ ಕನ್ನಡದ ಬಗ್ಗೆ ಮಾತಾಡ್ತಾನೆ ಅಂದುಕೊಂಡಿರಬೇಕು. ಆದರೆ ದಿನ ಗೊತ್ತು ಮಾಡಿದ್ದೂ ಅವರೇ. ಜಪಾನ್ ಸೀರೀಸ್ ಶುರುವಾಗುವ ಹಿಂದಿನ ಸಂಜೆ ಹಾನ್‌ಶಿನ್ ಟೈಗರ್ಸ್ ಅಭಿಮಾನಿಯ ಕೈಗೆ ಮೈಕ್ ಕೊಟ್ಟರೆ ಅವನ ಬಾಯಲ್ಲಿ ಬೇರೆ ಏನು ಬರುತ್ತದೆ ಹೇಳಿ?

ಬೇಸ್‌ಬಾಲ್ ನೋಡದವರಿಗಾಗಿ ಎರಡು ಮಾತು. ಜಪಾನಿನಲ್ಲಿ ವೃತ್ತಿಪರ ತಂಡಗಳು 12. ಸೆಂಟ್ರಲ್ ಲೀಗಿನಲ್ಲಿ ಆರು, ಪೆಸಿಫಿಕ್ ಲೀಗಿನಲ್ಲಿ ಆರು. ಎರಡೂ ಕಡೆಯಿಂದ ಒಂದೊಂದು ತಂಡ ಕೊನೆಗೆ ಜಪಾನ್ ಸೀರೀಸ್‌ನಲ್ಲಿ ಎದುರುಬದುರಾಗುತ್ತವೆ. ಮೊದಲು ನಾಲ್ಕು ಮ್ಯಾಚ್ ಗೆದ್ದವರು ಚಾಂಪಿಯನ್. ಈ ಸಲ ಆ ಕಡೆ ಓರಿಕ್ಸ್ ಬಫಲೋಸ್, ಈ ಕಡೆ ನಾವು. ಅವರ ಮೈದಾನ ಒಸಾಕಾದ ಕ್ಯೋಸೆರಾ ಡೋಮ್. ನಮ್ಮದು ನಿಶಿನೊಮಿಯಾದ ಕೋಶಿಯೆನ್, 1924ರಲ್ಲಿ ಕಟ್ಟಿದ್ದು. ಇಲ್ಲಿ ಸಾನ್ನೊಮಿಯಾದಲ್ಲಿ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಎರಡೂ ಕಡೆ ಹೋಗಬಹುದು. ಒಸಾಕಾ, ಕೋಬೆ ಎಲ್ಲ ಸೇರಿದ ಈ ಕನ್ಸಾಯ್ ಭಾಗದ ಎರಡು ತಂಡಗಳು ಹೀಗೆ ಎದುರಾಗಿದ್ದು ಇದಕ್ಕೆ ಮುಂಚೆ ಒಂದೇ ಸಲ, 1964ರಲ್ಲಿ. ಏಳನೇ ಮ್ಯಾಚ್ ನಡೆದ ದಿನವೇ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆ. ದೇಶಕ್ಕೆ ದೇಶವೇ ಆ ಕಡೆ ನೋಡುತ್ತಿತ್ತು, ಕೋಶಿಯೆನ್ ತುಂಬಲೇ ಇಲ್ಲ. ಹಾನ್‌ಶಿನ್ ಸೋತಿತು. ಯಾರೂ ನೋಡದಿದ್ದಾಗ ಸೋಲುವುದೂ ಒಂದು ಪುಣ್ಯವೇ ಅನ್ನಿ.

ನಾನು ಹೇಳಬೇಕೆಂದಿರುವುದು ಇವತ್ತಿನ ರಾತ್ರಿಯ ಬಗ್ಗೆ. ಆಟಗಾರರಿಗೆ ಇವತ್ತು ಕೈತುಂಬ ಕೆಲಸ ಇದೆ. ಬ್ಯಾಟಿಂಗ್ ಅಭ್ಯಾಸ, ಎದುರಾಳಿ ಪಿಚರ್‌ನ, ಅಂದರೆ ಚೆಂಡು ಎಸೆಯುವವನ ವಿಡಿಯೊ, ಮಸಾಜು. ಕೋಚ್‌ಗೆ ತಂಡದ ಪಟ್ಟಿ ಬರೆಯುವ ಕೆಲಸ. ಅಭಿಮಾನಿಗೆ ಏನಿದೆ? ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಪಾಡು ಅವನದು. ಅವನಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಸುಮ್ನೆ ಕೂತರೆ ಏನೋ ಎಡವಟ್ಟಾಗುತ್ತದೆ ಅಂತ ಭಯ. ಅದಕ್ಕೇ ತನಗೆ ತಾನೇ ಕೆಲಸ ಹುಟ್ಟಿಸಿಕೊಳ್ಳುತ್ತಾನೆ. ಶಾಪ, ಹರಕೆ, ಹಾಡು, ತೊಳೆಯದ ಜೆರ್ಸಿ, ಇವನ್ನೆಲ್ಲ ಜನ ಮೂಢನಂಬಿಕೆ ಅನ್ನುತ್ತಾರೆ. ನನಗೆ ಇವೆಲ್ಲ ಕೆಲಸವಿಲ್ಲದವನು ಮಾಡಿಕೊಂಡ ಕೆಲಸದ ಹಾಗೆ ಕಾಣುತ್ತವೆ.

ಈ ರಾತ್ರಿಯ ಮೊದಲ ಕೆಲಸ ಹಳೇ ಸೋಲುಗಳನ್ನು ಎಣಿಸುವುದು. ಹಾನ್‌ಶಿನ್ ಹುಟ್ಟಿದ್ದು 1935ರಲ್ಲಿ. ಜಪಾನ್ ಸೀರೀಸ್‌ಗೆ ಇದುವರೆಗೆ ಬಂದಿದ್ದು ಆರು ಸಲ, ಗೆದ್ದಿದ್ದು ಒಂದು ಸಲ, 1985ರಲ್ಲಿ. ಮಿಕ್ಕ ಐದೂ ನಮಗೆ ಬಾಯಿಪಾಠ.

2003ರಲ್ಲಿ ಎದುರಾಳಿ ಫುಕುವೊಕಾದ ಹಾಕ್ಸ್. ಕೋಶಿಯೆನ್‌ನಲ್ಲಿ ಆಡಿದ ಮೂರೂ ಗೆದ್ದೆವು, ಫುಕುವೊಕಾದಲ್ಲಿ ಆಡಿದ ನಾಲ್ಕೂ ಸೋತೆವು. 2005ರಲ್ಲಿ ಚಿಬಾ ಲೊಟ್ಟೆ ತಂಡದ ಎದುರು ಮೊದಲ ಮ್ಯಾಚ್ 10-1. ಅದೂ ಪೂರ್ತಿ ಮುಗಿಯಲಿಲ್ಲ. ಸಮುದ್ರದ ಕಡೆಯಿಂದ ಮಂಜು ಬಂದು ಮೈದಾನವನ್ನೇ ಮುಚ್ಚಿತು, ಅಂಪೈರ್‌ಗಳು ಒಂಬತ್ತು ಇನ್ನಿಂಗ್ಸ್‌ನ ಆಟವನ್ನು ಏಳನೇದರಲ್ಲೇ ನಿಲ್ಲಿಸಿದರು. ಎರಡನೇದು 10-0. ಮೂರನೇದು 10-1. ನಾಲ್ಕನೇದು 3-2, ಅಲ್ಲಿಗೆ ಕಥೆ ಮುಗಿಯಿತು. ಎಲ್ಲ ಕೂಡಿಸಿದರೆ 33-4. ಇವತ್ತಿಗೂ ಒಸಾಕಾದಲ್ಲಿ ಯಾವನಾದರೂ ಹಾನ್‌ಶಿನ್ ಅಭಿಮಾನಿಯನ್ನು ಕೆಣಕಬೇಕಾದರೆ ಈ ಎರಡು ಅಂಕಿ ಸಾಕು. ಬೇರೆ ಬೈಗುಳ ಬೇಕಿಲ್ಲ.

2014ರದ್ದು ನಾನೇ ನೋಡಿದ್ದು. ಐದನೇ ಮ್ಯಾಚ್, ಕೊನೆಯ ಇನ್ನಿಂಗ್ಸ್, ನಾವು ಒಂದೇ ಒಂದು ರನ್ ಹಿಂದೆ. ಮೂರೂ ಬೇಸ್‌ಗಳಲ್ಲಿ, ಅಂದರೆ ರನ್ನಿಗಾಗಿ ಓಡುವ ದಾರಿಯ ಮೂರು ನಿಲ್ದಾಣಗಳಲ್ಲಿ, ನಮ್ಮವರು ನಿಂತಿದ್ದಾರೆ. ನಿಶಿಯೊಕಾ ಹೊಡೆದ ಚೆಂಡು ಫಸ್ಟ್ ಬೇಸ್ ಕಡೆ ಉರುಳಿತು. ಅಲ್ಲಿಂದ ಓಟ ಮುಗಿದು ರನ್ ಆಗುವ ಜಾಗಕ್ಕೆ, ಹೋಮ್‌ಗೆ ಎಸೆದರು, ಒಬ್ಬ ಔಟ್. ಅಲ್ಲಿ ನಮ್ಮ ವಿಕೆಟ್ ಕೀಪರ್ ಹಾಗೆ ಕೂರುವ ಕ್ಯಾಚರ್ ತಿರುಗಿ ಫಸ್ಟ್ ಬೇಸ್‌ಗೆ ಎಸೆದ ಚೆಂಡು ಓಡುತ್ತಿದ್ದ ನಿಶಿಯೊಕಾ ಮೈಗೆ ಬಡಿದು ಎತ್ತಲೋ ಹೋಯಿತು. ಸಮ ಆಯ್ತು ಅಂತ ನಾವು ಎದ್ದು ಕುಣಿದೆವು. ಅಷ್ಟರಲ್ಲಿ ಅಂಪೈರ್ ಕೈ ಎತ್ತಿದರು. ಓಡಬೇಕಾದ ದಾರಿ ಬಿಟ್ಟು ಗೆರೆಯ ಒಳಗೆ ಓಡಿದ್ದಾನೆ, ಅಡ್ಡಿ ಮಾಡಿದ್ದಾನೆ, ಔಟ್. ಸೀರೀಸ್ ಮುಗಿಯಿತು. ಒಂದು ವರ್ಷದ ಆಟ ಒಂದು ಗೆರೆಯ ಮೇಲೆ ಮುಗಿದು ಹೋಯಿತು. ಆ ತೀರ್ಪು ಸರಿಯಾಗೇ ಇತ್ತು. ಅದೇ ಹೊಟ್ಟೆ ಉರಿಸುವುದು. ತಪ್ಪು ತೀರ್ಪಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಆಗ್ತಿತ್ತು, ಅಲ್ವಾ?

ಬೈಯಲು ಯಾರಾದರೂ ಬೇಕು. ಕರ್ನಲ್‌ನ ಕಥೆ ಅಲ್ಲಿಂದಲೇ ಬರುತ್ತದೆ. 1985ರ ಅಕ್ಟೋಬರ್ 16ರಂದು ಹಾನ್‌ಶಿನ್ ಲೀಗ್ ಗೆದ್ದಿತು. ಒಸಾಕಾದ ಡೋಟೊಂಬೊರಿ ಕಾಲುವೆಯ ಮೇಲೆ ಎಬಿಸುಬಾಶಿ ಸೇತುವೆ ಇದೆಯಲ್ಲ, ನೀವೆಲ್ಲ ಫೋಟೊ ತೆಗೆಸಿಕೊಳ್ಳುವ ಜಾಗ, ಅಲ್ಲಿ ಜನ ಸೇರಿದರು. ಒಬ್ಬೊಬ್ಬ ಆಟಗಾರನ ಹೆಸರು ಕೂಗುವುದು, ಅವನ ಹಾಗೆ ಕಾಣುವವನೊಬ್ಬ ನೀರಿಗೆ ಹಾರುವುದು. ರ್ಯಾಂಡಿ ಬಾಸ್ ಸರದಿ ಬಂತು. ಗಡ್ಡದ ಅಮೆರಿಕನ್ ಅವನು, ಆ ವರ್ಷ 54 ಹೋಮ್‌ರನ್, ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದವನು. ಆ ಗುಂಪಿನಲ್ಲಿ ಅವನ ಹಾಗೆ ಕಾಣುವವನನ್ನು ಎಲ್ಲಿ ಹುಡುಕೋದು? ಹತ್ತಿರದ ಕೆಎಫ್‌ಸಿ ಅಂಗಡಿ ಮುಂದೆ ಕರ್ನಲ್ ಸ್ಯಾಂಡರ್ಸ್‌ನ ಆಳೆತ್ತರದ ಬೊಂಬೆ ನಿಂತಿತ್ತು. ಗಡ್ಡ ಇದೆ, ಅಮೆರಿಕದವನು, ಸಾಕು. ಎತ್ತಿ ಕಾಲುವೆಗೆ ಹಾಕಿದರು.

ಅದಾಗಿ ಎರಡು ವಾರಕ್ಕೆ ಹಾನ್‌ಶಿನ್ ಜಪಾನ್ ಸೀರೀಸನ್ನೂ ಗೆದ್ದಿತು. ಇದನ್ನು ಯಾರೂ ನೆನಪಿಡುವುದಿಲ್ಲ. ಶಾಪ ಅಂದಿದ್ದು ಆಮೇಲೆ, ತಂಡ ಪಾತಾಳಕ್ಕೆ ಇಳಿದ ಮೇಲೆ. 1987ರಿಂದ 2001ರವರೆಗಿನ 15 ವರ್ಷದಲ್ಲಿ 10 ಸಲ ಕೊನೆಯ ಸ್ಥಾನ. ಇಷ್ಟು ಸೋಲಿಗೆ ಏನಾದರೂ ಕಾರಣ ಬೇಕಲ್ಲ? ಪಿಚಿಂಗ್ ಸರಿಯಿಲ್ಲ ಅಂದರೆ ಅಭಿಮಾನಿ ಅದಕ್ಕೆ ಏನೂ ಮಾಡಲಾರ. ಕರ್ನಲ್‌ಗೆ ಸಿಟ್ಟು ಬಂದಿದೆ ಅಂದರೆ ಮಾಡಬಹುದು. ಕ್ಷಮೆ ಕೇಳಬಹುದು, ಬೊಂಬೆ ಹುಡುಕಬಹುದು. 2009ರ ಮಾರ್ಚಿನಲ್ಲಿ ಕಾಲುವೆಯಲ್ಲಿ ಮುಳುಗುಗಾರರಿಗೆ ಬೊಂಬೆ ಸಿಕ್ಕಿತು. ಒಂದು ದಿನ ಮೇಲಿನ ಭಾಗ, ಮಾರನೇ ದಿನ ಕಾಲು. ಕೆಸರು ತೊಳೆದು ನೋಡಿದರೆ ಎಡಗೈ ಇಲ್ಲ, ಕನ್ನಡಕ ಇಲ್ಲ. ಸರಿ, ಅವೆರಡು ಸಿಗುವವರೆಗೂ ಶಾಪ ಹೋಗುವುದಿಲ್ಲ ಅಂತ ಶುರುವಾಯಿತು. ಕೆಲಸ ಮುಂದುವರಿಯಿತು ನೋಡಿ.

ಇದರಲ್ಲಿ ಎಲ್ಲವೂ ತಮಾಷೆ ಅಲ್ಲ. 2003ರಲ್ಲಿ ಲೀಗ್ ಗೆದ್ದಾಗ ಅದೇ ಸೇತುವೆಯಿಂದ ಸಾವಿರಾರು ಜನ ಹಾರಿದರು, ಒಬ್ಬ ಯುವಕ ಸತ್ತ. ಈ ಸೆಪ್ಟೆಂಬರಿನಲ್ಲಿ ಸೇತುವೆಯ ತುಂಬ ಪೊಲೀಸರು ನಿಂತಿದ್ದು ಅದಕ್ಕೇ. ನಿಮ್ಮಲ್ಲಿ ಯಾರಾದರೂ ಹುಡುಗರು ಆ ಕಡೆ ಹೋಗುವ ಯೋಚನೆಯಲ್ಲಿದ್ದರೆ ಬೇಡ. ಆ ನೀರನ್ನು ಹಗಲಲ್ಲಿ ಒಮ್ಮೆ ನೋಡಿ ಬನ್ನಿ, ಆಸೆ ತಾನೇ ಹೋಗುತ್ತದೆ.

ಈಗ ಒಕಾಡಾ ಅಕಿನೊಬು ವಿಷಯಕ್ಕೆ ಬರುತ್ತೇನೆ. ಈ ವರ್ಷದ ಕಥೆಯೆಲ್ಲ ಅವರದೇ. ಒಸಾಕಾದಲ್ಲೇ ಹುಟ್ಟಿದವರು, 65 ವರ್ಷ. 1985ರ ತಂಡದಲ್ಲಿ ಆಡಿದವರು. ಆ ವರ್ಷ ಏಪ್ರಿಲ್‌ನಲ್ಲಿ ಟೋಕಿಯೋದ ಜೈಂಟ್ಸ್ ವಿರುದ್ಧ ಬಾಸ್, ಕಾಕೆಫು, ಒಕಾಡಾ ಒಬ್ಬರ ಹಿಂದೆ ಒಬ್ಬರು ಹೋಮ್‌ರನ್ ಹೊಡೆದರು. ಕೋಶಿಯೆನ್‌ನಲ್ಲಿ ವಯಸ್ಸಾದವರ ಪಕ್ಕ ಕೂತರೆ ಅರ್ಧ ಗಂಟೆಯೊಳಗೆ ಈ ಮೂರು ಹೆಸರು ಬಂದೇ ಬರುತ್ತದೆ. ಇನ್ನೊಂದು ವಿಷಯ. 33-4ರ ಸೀರೀಸ್‌ನಲ್ಲಿ ಕೋಚ್ ಆಗಿದ್ದವರೂ ಇದೇ ಒಕಾಡಾ. ಗೆಲುವು, ಅವಮಾನ ಎರಡನ್ನೂ ಒಬ್ಬರೇ ಹೊತ್ತಿದ್ದಾರೆ.

ಈ ಸಲ ಕೋಚ್ ಆಗಿ ಮತ್ತೆ ಬಂದ ಮೇಲೆ ಒಕಾಡಾ ಚಾಂಪಿಯನ್ ಆಗುವ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. 'ಆರೆ' ಅಂದರು. ಅಂದರೆ 'ಅದು'. ಹೆಸರು ಹೇಳಿದರೆ ಹುಡುಗರು ಬಿಗಿಯುತ್ತಾರೆ ಅಂತ ಅವರ ಲೆಕ್ಕ. ಹಿಂದೆ 2010ರಲ್ಲಿ ಓರಿಕ್ಸ್ ಕೋಚ್ ಆಗಿದ್ದಾಗಲೂ ಹೀಗೇ ಮಾಡಿ ಒಂದು ಟೂರ್ನಿ ಗೆದ್ದಿದ್ದರು. ಈ ವರ್ಷ ತಂಡದ ಘೋಷವಾಕ್ಯವೇ ಅದಾಯಿತು. ಟೀ ಶರ್ಟ್ ಮೇಲೆ ಬಂತು. ಟಿವಿಯವರೂ 'ಅದು' ಅನ್ನತೊಡಗಿದರು. ನಮ್ಮ ಬೀದಿಯ ತರಕಾರಿ ಅಂಗಡಿಯವರೂ ಅಷ್ಟೇ.

ಬೆಂಗಳೂರಿನ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಾವು ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಗಂಟಲು ಹರಿಯುವ ಹಾಗೆ 'ಈ ಸಲ ಕಪ್ ನಮ್ದೇ' ಅಂತ ಕೂಗುವವರು. 2008ರಿಂದ ಆ ಕಪ್‌ಗಾಗಿ ಕಾಯುತ್ತಲೇ ಇದ್ದೇವೆ. ಇಲ್ಲಿಯವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಾವು ಬಾಯಿ ಬಿಡುತ್ತೇವೆ. ಕೈಯಲ್ಲಿ ಏನೂ ಇಲ್ಲದಾಗ ಬಾಯಿಂದ ಏನು ಮಾಡಬಹುದೋ ಅದನ್ನು ಇಬ್ಬರೂ ಮಾಡುತ್ತಿದ್ದೇವೆ. ಒಕಾಡಾ ಮಾಡಿದ್ದೇನು ಗೊತ್ತಾ? ಕೋಚ್ ಆಗಿದ್ದುಕೊಂಡು ಅಭಿಮಾನಿಯ ಕೆಲಸ ಮಾಡಿದರು. ಹಾಗಾಗಿಯೇ ಊರು ಅವರ ಹಿಂದೆ ನಿಂತಿತು ಅಂತ ನನಗೆ ಅನ್ನಿಸುತ್ತದೆ.

ತಮ್ಮ ಕೆಲಸವನ್ನೂ ಬಿಡಲಿಲ್ಲ ಅನ್ನಿ. ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದರೆ ಬ್ಯಾಟರ್ ಸುಮ್ನೆ ಬ್ಯಾಟ್ ಕೆಳಗಿಟ್ಟು ಫಸ್ಟ್ ಬೇಸ್‌ಗೆ ನಡೆದು ಹೋಗಬಹುದು. ನೋಡುವವರಿಗೆ ಬೋರು. ಆಟಗಾರರ ಸಂಬಳ ಲೆಕ್ಕ ಹಾಕುವಾಗ ಈ ನಡಿಗೆಗೂ ಜಾಸ್ತಿ ಅಂಕ ಕೊಡಿ ಅಂತ ಒಕಾಡಾ ಆಡಳಿತದವರನ್ನು ಕೇಳಿದರು. ಹುಡುಗರು ಕೆಟ್ಟ ಚೆಂಡಿಗೆ ಬ್ಯಾಟ್ ಬೀಸುವುದು ಬಿಟ್ಟರು. ಈ ಸೀಸನ್‌ನಲ್ಲಿ 494 ಸಲ ಹೀಗೆ ನಡೆದು ಬೇಸ್ ಸೇರಿದರು. 85 ಗೆಲುವು. ಸೆಪ್ಟೆಂಬರ್ 14ರಂದು ಕೋಶಿಯೆನ್‌ನಲ್ಲಿ ಜೈಂಟ್ಸ್ ವಿರುದ್ಧ 4-3ರಲ್ಲಿ ಗೆದ್ದು ಲೀಗ್ ಚಾಂಪಿಯನ್, 18 ವರ್ಷದ ಮೇಲೆ.

ಆ ರಾತ್ರಿಯ ಒಂದು ವಿಷಯ ಹೇಳಲೇಬೇಕು. ಯೊಕೊಟಾ ಶಿಂತಾರೊ ಅಂತ ಒಬ್ಬ ಹುಡುಗ ಈ ತಂಡದಲ್ಲಿದ್ದ. 24ನೇ ನಂಬರ್. ಮೆದುಳಿನಲ್ಲಿ ಗೆಡ್ಡೆ ಆಯಿತು. ಚಿಕಿತ್ಸೆ ಆದ ಮೇಲೆ ಚೆಂಡು ಎರಡೆರಡಾಗಿ ಕಾಣುತ್ತಿತ್ತು. 2019ರಲ್ಲಿ ಎರಡನೇ ದರ್ಜೆಯ ತಂಡದಲ್ಲಿ ಅವನ ಕೊನೆಯ ಮ್ಯಾಚ್. ಸೆಂಟರ್ ಫೀಲ್ಡ್‌ನಲ್ಲಿ ನಿಲ್ಲಿಸಿದರು. ಅವನ ಕಡೆಗೇ ಚೆಂಡು ಬಂತು. ಹಿಡಿದು ಹೋಮ್‌ಗೆ ಎಸೆದ, ನೆಲ ಮುಟ್ಟದೆ ನೇರ ಕ್ಯಾಚರ್ ಕೈಗೆ. ರನ್ನರ್ ಔಟ್. ಈ ಜುಲೈ 18ರಂದು ತೀರಿಕೊಂಡ, ಬರೀ 28 ವರ್ಷ. ಸೆಪ್ಟೆಂಬರ್ 14ರಂದು ಕೊನೆಯ ಇನ್ನಿಂಗ್ಸ್ ಎಸೆಯಲು ಬಂದವನು ಇವಾಝಾಕಿ ಸುಗುರು. ಇಬ್ಬರೂ ಒಂದೇ ವರ್ಷ ತಂಡಕ್ಕೆ ಬಂದವರು. ಇವಾಝಾಕಿ ಮೈದಾನಕ್ಕೆ ನಡೆದು ಬರುವಾಗ ಹಾಕಿಸಿದ್ದು ತನ್ನ ಹಾಡಲ್ಲ, ಯೊಕೊಟಾ ಬ್ಯಾಟ್ ಮಾಡಲು ಬರುವಾಗ ಹಾಕುತ್ತಿದ್ದ ಹಾಡು. ಗೆದ್ದ ಮೇಲೆ ಇವಾಝಾಕಿಯನ್ನು ಎತ್ತಿ ಗಾಳಿಗೆ ಹಾರಿಸಿದಾಗ ಅವನ ಕೈಯಲ್ಲಿ 24ರ ಜೆರ್ಸಿ ಇತ್ತು. ಅವತ್ತು ಕೋಶಿಯೆನ್‌ನಲ್ಲಿ ಅಳದೆ ಇದ್ದವರು ಜೈಂಟ್ಸ್ ಕಡೆಯವರು ಮಾತ್ರ. ಅವರಲ್ಲೂ ಒಂದಿಬ್ಬರು ಅತ್ತಿರಬೇಕು.

ಓರಿಕ್ಸ್ ಅಭಿಮಾನಿಗಳೂ ಇಲ್ಲಿ ಇದ್ದೀರಿ, ಗೊತ್ತು. ಕೋಬೆಯಲ್ಲಿ ಇರದೆ ಹೋದರೆ ಅದೇ ಆಶ್ಚರ್ಯ. 1995ರ ಜನವರಿ 17ರ ಭೂಕಂಪದಲ್ಲಿ ಈ ಊರು ನೆಲಕಚ್ಚಿದಾಗ ಓರಿಕ್ಸ್ ಬ್ಲೂವೇವ್ ಕೋಬೆಯ ತಂಡ. ತೋಳಿನ ಮೇಲೆ 'ಗಂಬಾರೋ ಕೋಬೆ' ಪಟ್ಟಿ ಹೊಲಿಸಿಕೊಂಡು ಆಡಿದರು. ಎದೆಗುಂದಬೇಡ ಕೋಬೆ ಅಂತ. ಆ ವರ್ಷವೇ ಲೀಗ್ ಗೆದ್ದರು, ಮರುವರ್ಷ ಹೆಸರಾಂತ ಬ್ಯಾಟರ್ ಇಚಿರೊ ಇದ್ದ ಅದೇ ತಂಡ ಜಪಾನ್ ಸೀರೀಸ್ ಗೆದ್ದಿತು. ಆಮೇಲೆ 2004ರಲ್ಲಿ ಕಿಂಟೆಟ್ಸು ತಂಡದ ಜೊತೆ ವಿಲೀನ, ನಿಧಾನಕ್ಕೆ ಮನೆ ಒಸಾಕಾಗೆ ಹೋಯಿತು. ನಮ್ಮ ಪಕ್ಕದ ಮನೆಯ ಅಜ್ಜ ಆ ಬ್ಲೂವೇವ್ ಟೋಪಿಯನ್ನು ಇನ್ನೂ ಬಾಗಿಲ ಹಿಂದೆ ನೇತುಹಾಕಿದ್ದಾರೆ. ನಾಳೆ ಯಾರ ಕಡೆ ಅಂತ ಕೇಳಿದೆ. ನಕ್ಕರು, ಉತ್ತರ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಓರಿಕ್ಸ್ ಮೂರು ವರ್ಷದಿಂದ ಸತತ ಲೀಗ್ ಗೆಲ್ಲುತ್ತಿದೆ, ಕಳೆದ ವರ್ಷದ ಚಾಂಪಿಯನ್ ಕೂಡ. ಕಾಗದದ ಮೇಲೆ ಅವರೇ ಮುಂದೆ.

ನಾಳೆ ಅವರ ಕಡೆ ಯಮಮೊಟೊ ಯೊಶಿನೊಬು ಎಸೆಯುತ್ತಾನೆ. ಈ ವರ್ಷ 16 ಗೆಲುವು. ಹೋದ ತಿಂಗಳು ಲೊಟ್ಟೆ ತಂಡದ ಒಬ್ಬನೂ ಚೆಂಡು ಹೊಡೆದು ಬೇಸ್ ಸೇರದ ಹಾಗೆ, ಒಂದೂ 'ಹಿಟ್' ಕೊಡದೆ ಇಡೀ ಮ್ಯಾಚ್ ಎಸೆದ. ಪುಣ್ಯಾತ್ಮನ ಚೆಂಡು ಹೊಡೆಯಲು ಬರುವಂತೆ ಕಾಣುತ್ತದೆ, ಬ್ಯಾಟ್ ಬೀಸಿದಾಗ ಅಲ್ಲಿರುವುದಿಲ್ಲ. ನಮ್ಮ ಕಡೆಯಿಂದ ಮುರಾಕಾಮಿ ಶೋಕಿ. ಹೋದ ವರ್ಷದವರೆಗೆ ಹೆಸರೇ ಕೇಳದವನು. ಏಪ್ರಿಲ್‌ನಲ್ಲಿ ಜೈಂಟ್ಸ್ ವಿರುದ್ಧ ಏಳು ಇನ್ನಿಂಗ್ಸ್ ಒಬ್ಬನನ್ನೂ ಬೇಸ್‌ಗೆ ಬಿಡದೆ ಎಸೆದ, ಒಕಾಡಾ ಅಲ್ಲಿಗೇ ಅವನನ್ನು ಹೊರಗೆ ಕರೆಸಿಕೊಂಡರು. ಆ ಜಗಳ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ. ನಾನು ಒಕಾಡಾ ಪರ.

ಇವತ್ತು ಬೆಳಗಿನಿಂದ ನಾನು ಹಿಡಿದುಕೊಂಡಿರುವ ಒಂದೇ ಹುಲ್ಲುಕಡ್ಡಿ ಹೇಳುತ್ತೇನೆ. ಇಷ್ಟೆಲ್ಲ ಮಾಡಿದ ಯಮಮೊಟೊಗೆ ಜಪಾನ್ ಸೀರೀಸ್‌ನಲ್ಲಿ ಇದುವರೆಗೆ ಒಂದು ಗೆಲುವೂ ಸಿಕ್ಕಿಲ್ಲ. ಹುಡುಗರು ಕೆಟ್ಟ ಚೆಂಡು ಬಿಟ್ಟು, ಅವನು ಜಾಸ್ತಿ ಎಸೆಯುವ ಹಾಗೆ ಮಾಡಿದರೆ ಐದಾರು ಇನ್ನಿಂಗ್ಸ್‌ಗೆ ಸುಸ್ತಾಗಬಹುದು. ಆಗಬಹುದು ಅಂದೆ, ಆಗುತ್ತದೆ ಅನ್ನಲಿಲ್ಲ. ಬರೆದುಕೊಳ್ಳುವವರು ಸರಿಯಾಗಿ ಬರೆದುಕೊಳ್ಳಿ.

ಇನ್ನು ಭಾನುವಾರದ್ದು ಬೇರೆ ತಲೆನೋವು. ಸಂಜೆ ಎರಡನೇ ಮ್ಯಾಚ್, ಅದೇ ಹೊತ್ತಿಗೆ ಲಖನೌನಲ್ಲಿ ಭಾರತ-ಇಂಗ್ಲೆಂಡ್ ವರ್ಲ್ಡ್ ಕಪ್ ಮ್ಯಾಚ್. ಟಿವಿ ಯಾವುದಕ್ಕೆ, ಫೋನ್ ಯಾವುದಕ್ಕೆ ಅಂತ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ. ನನ್ನ ಹೆಂಡತಿ ಕ್ರಿಕೆಟ್ ಪಕ್ಷ, ಮಗಳು ಇಲ್ಲೇ ಹುಟ್ಟಿದವಳು, ಅವಳು ಟೈಗರ್ಸ್. ವೋಟು ನನ್ನದು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಕೊನೆಯ ರೈಲಿಗೆ ಇನ್ನೂ ಸಮಯ ಇದೆ.